ಅವಳು ಓದಿ ಹೇಳುತ್ತಿದ್ದ ತೂಕ

ಊರಿನವರೆಲ್ಲ ಅವನನ್ನು ದೊಡ್ಡಣ್ಣ ಎಂದು ಕರೆಯುತ್ತಿದ್ದರು. ಮೂವರು ಅಣ್ಣತಮ್ಮಂದಿರಲ್ಲಿ ಅವನೇ ಕಿರಿಯವನು ಎಂಬುದು ಯಾರಿಗೂ ಅಡ್ಡ ಬರಲಿಲ್ಲ. ಸ್ವಂತ ಹಿರಿಯಣ್ಣನೇ ಮನೆಗೆ ಬಂದಾಗ, "ಎಲ್ಲಿದಾನಮ್ಮಾ ನಮ್ಮ ದೊಡ್ಡಣ್ಣ?" ಎಂದು ಕೇಳಿ ತಾನೇ ಮೊದಲು ನಗುತ್ತಿದ್ದ. ಆ ನಗು ಕೇಳಿದರೆ ದೊಡ್ಡಣ್ಣನ ಹೆಂಡತಿಗೆ ಮೈ ಉರಿಯುತ್ತಿತ್ತು. ಗಂಡ ಮಾತ್ರ ತಾನೂ ಹಲ್ಲು ಬಿಟ್ಟು ನಗುತ್ತಿದ್ದ. ನಗದೆ ಇನ್ನೇನು ಮಾಡಬೇಕು, ಪಾಪ? ಬಸ್ಸಿನಲ್ಲಿ ಎರಡು ಸೀಟು ಹಿಡಿಯುವ ಮನುಷ್ಯ. ಯಾರ ಮನೆಗೆ ಹೋದರೂ ಪ್ಲಾಸ್ಟಿಕ್ ಕುರ್ಚಿ ಕಂಡೊಡನೆ, "ನಿಂತೇ ಇರ್ತೀನಿ ಬಿಡಿ, ಕೂತು ಕೂತು ಬೇಜಾರಾಗಿದೆ" ಎನ್ನುವವನು. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಅರ್ಧ ನೋವು ಕಳೆಯುತ್ತದೆ ಎಂದು ಚಿಕ್ಕಂದಿನಲ್ಲೇ ಕಲಿತುಕೊಂಡಿದ್ದ.

ಅವನ ಕೆಲಸ ಊರಿಗೆ ನೀರು ಬಿಡುವುದು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಟ್ಯಾಂಕು, ಅಲ್ಲಿಂದ ಇಳಿದು ಬರುವ ಕಬ್ಬಿಣದ ಪೈಪು, ಪೈಪಿನುದ್ದಕ್ಕೂ ಅಲ್ಲಲ್ಲಿ ನೆಲದೊಳಗೆ ಕಲ್ಲು ಕಟ್ಟಿದ ಗುಂಡಿಗಳು, ಗುಂಡಿಗೊಂದು ವಾಲ್ವು. ಬೆಳಗ್ಗೆ ಹೋಗಿ ಮೇಲಿನಿಂದ ಒಂದೊಂದಾಗಿ ತಿರುಗಿಸುತ್ತ ಬರಬೇಕು, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಬೇಕು, ಸಂಜೆ ಮತ್ತೆ ಹತ್ತಿ ಮುಚ್ಚಬೇಕು. ಆ ವಾಲ್ವುಗಳೋ, ತುಕ್ಕು ಹಿಡಿದು ಹಟಕ್ಕೆ ಬಿದ್ದಂಥವು. ಬೇರೆ ಊರುಗಳಲ್ಲಿ ಇಬ್ಬರು ಜೋತುಬಿದ್ದು ತಿರುಗಿಸುತ್ತಾರಂತೆ. ಇವನು ಎದೆಯುದ್ದದ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ, ಅದರ ಅಡ್ಡಹಿಡಿಗೆ ಮೈಯೊರಗಿಸಿ ನಿಂತರೆ ಸಾಕು, ಎಂಥ ವಾಲ್ವಾದರೂ ಕಿರ್ ಎಂದು ದಾರಿಗೆ ಬರುತ್ತಿತ್ತು. ಅವನ ಮೈ ಉಪಯೋಗಕ್ಕೆ ಬರುತ್ತಿದ್ದ ಜಾಗ ಭೂಮಿಯ ಮೇಲೆ ಅದೊಂದೇ. "ಅಲ್ಲಿ ಮೇಲೆ ನಾನು ದಪ್ಪ ಇಲ್ಲ ಕಣೇ. ಅಲ್ಲಿ ನೋಡೋರೇ ಇಲ್ಲ," ಎಂದು ಒಮ್ಮೆ ಹೆಂಡತಿಗೆ ಹೇಳಿದ್ದ.

ಹೆಂಡತಿ ಹೊಲಿಗೆಯವಳು. ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡಿದ್ದಳು. ಬೀದಿಗೆಲ್ಲ ಅವಳು ಟೈಲರಮ್ಮ. ಗಂಡನ ಅಂಗಿ, ಪ್ಯಾಂಟು, ಕೊನೆಗೆ ಬನಿಯನ್ನು ಕೂಡ ಅವಳೇ ಹೊಲಿಯುತ್ತಿದ್ದಳು. ಮದುವೆಗೆ ಮುಂಚೆ ಮುಖ್ಯರಸ್ತೆಯ ಟೈಲರೊಬ್ಬ ಅವನ ಸೊಂಟದ ಅಳತೆ ತೆಗೆಯುವಾಗ ಟೇಪು ಸಾಲದೆ, "ಇನ್ನೊಂದು ಟೇಪು ಗಂಟು ಹಾಕ್ರಪ್ಪಾ!" ಎಂದು ಅಂಗಡಿ ತುಂಬ ಜನರಿರುವಾಗ ಕೂಗಿದ್ದನಂತೆ. ಮದುವೆಯಾದ ಮೇಲೆ ಅವನು ಬೇರೆ ಯಾರ ಟೇಪಿಗೂ ಮೈ ಕೊಟ್ಟಿರಲಿಲ್ಲ. ಅವಳು ಅಳತೆ ತೆಗೆಯುವಾಗ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು ಹೋಗಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಅವನ ಮಂಡಿಗಳು ಅಡ್ಡಗಾಲು ಹಾಕಿದವು. ಮೊದಲು ಇಳಿಯುವಾಗ ನೋವು, ಆಮೇಲೆ ಹತ್ತುವಾಗ, ಆಮೇಲೆ ಸುಮ್ಮನೆ ನಿಂತರೂ. ದವಾಖಾನೆಗೆ ಹೋದ. ಅಲ್ಲಿಯ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಕೊನೆಗೆ ಹೋಗಿ ಟಕ್ಕೆಂದು ನಿಂತಿತು. ನರ್ಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಇದರಲ್ಲಿ ಆಗಲ್ಲ ಡಾಕ್ಟ್ರೇ" ಎಂದಳು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು, ತೂಕ ಇಳಿಸಬೇಕು, ಇಲ್ಲದಿದ್ದರೆ ಗುಡ್ಡ ಮರೆತುಬಿಡಬೇಕು. ಅವನು ಹೊರಗೆ ಬಂದು, "ಮೈ ಇಳಿಯೋವರೆಗೂ ಆ ಬಾಗಿಲಿಗೆ ಕಾಲಿಡಲ್ಲ" ಎಂದು ಶಪಥ ಮಾಡಿ, ದಾರಿಯಲ್ಲೇ ಒಂದು ತೂಕದ ಯಂತ್ರ ಕೊಂಡು ತಂದ. ಚಪ್ಪಟೆಯದು, ಮೇಲೆ ಹತ್ತಿ ನಿಂತರೆ ಪಾದಗಳ ನಡುವೆ ಗಾಜಿನೊಳಗೆ ಮುಳ್ಳು ಓಡುವಂಥದ್ದು.

ಮನೆಗೆ ತಂದು ಹತ್ತಿ ನಿಂತ ಮೇಲೆ ಗೊತ್ತಾಯಿತು, ಹೊಟ್ಟೆ ಅಡ್ಡ ಇದ್ದದ್ದರಿಂದ ಅವನಿಗೆ ಮುಳ್ಳು ಕಾಣುತ್ತಲೇ ಇರಲಿಲ್ಲ. ಬಗ್ಗಿದರೆ ಯಂತ್ರ ಅಲ್ಲಾಡುತ್ತದೆ, ಬಗ್ಗದಿದ್ದರೆ ಕಾಣುವುದಿಲ್ಲ. ಗಂಡಹೆಂಡಿರಿಬ್ಬರೂ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನೇ ಓದಿ ಹೇಳೇ" ಎಂದ. ಅವಳು ಅವನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು ಓದಿದಳು, "ನೂರಾ ಇಪ್ಪತ್ತೆಂಟು." ಅಲ್ಲಿಂದಾಚೆಗೆ ಪ್ರತಿ ಭಾನುವಾರ ಬೆಳಗ್ಗೆ ಅವನು ಹತ್ತಿ ನಿಲ್ಲುವುದು, ಅವಳು ಕೂತು ಓದುವುದು.

ಮೊದಮೊದಲು ನಿಜಕ್ಕೂ ಇಳಿಯಿತು. ಬೇಯಿಸಿದ ತರಕಾರಿ, ಸಕ್ಕರೆಯಿಲ್ಲದ ಚಹಾ, ಒಂದೇ ಹಿಡಿ ಅನ್ನ. ಅವನು ತಟ್ಟೆಯನ್ನು ನೋಡುತ್ತಿದ್ದ ರೀತಿಗೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ನೂರಾ ಇಪ್ಪತ್ತಾರಕ್ಕೆ ಬಂತು. ಆಮೇಲೆ ಮುಳ್ಳು ಅಲ್ಲೇ ಬೇರು ಬಿಟ್ಟಿತು. ಮಂಡಿ ನೋವಿಗೆ ನಡೆಯುವುದು ಕಡಿಮೆಯಾದರೆ ಇಳಿಯುವುದಾದರೂ ಹೇಗೆ? ಒಂದು ಭಾನುವಾರ ಮುಳ್ಳು ಮೇಲಕ್ಕೇರಿ ಮತ್ತೆ ನೂರಾ ಇಪ್ಪತ್ತೆಂಟಕ್ಕೆ ನಿಂತಿತ್ತು. ಅವಳು ತಲೆ ಎತ್ತಿ ನೋಡಿದಳು. ಕೆಳಗಿನಿಂದ ನೋಡಿದರೆ ಹೊಟ್ಟೆಯ ಆಚೆಗೆ ಅವನ ಗದ್ದ ಮಾತ್ರ ಕಾಣುತ್ತಿತ್ತು. ಉಸಿರು ಬಿಗಿಹಿಡಿದು ನಿಂತಿದ್ದ. "ಎಷ್ಟೇ?" ಎಂದ. ಅವಳ ಬಾಯಿಂದ ತಾನಾಗಿ ಬಂತು, "ನೂರಾ ಇಪ್ಪತ್ತೈದು."

ಆ ಮನುಷ್ಯ ಹಿಗ್ಗಿದ್ದು ನೋಡಬೇಕಿತ್ತು! ಅವಳನ್ನು ಎಬ್ಬಿಸಿ ನಿಲ್ಲಿಸಿ ಗಿರಕಿ ಹೊಡೆಸಿಬಿಟ್ಟ.

ಇಂಥದ್ದಕ್ಕೆ ಒಮ್ಮೆ ಕೈ ಹಾಕಿದರೆ ಮುಗಿಯಿತು. ನೂರಾ ಇಪ್ಪತ್ತೈದು ಎಂದವಳು ಮುಂದಿನ ವಾರ ನೂರಾ ಇಪ್ಪತ್ತೊಂಬತ್ತು ಎನ್ನಲಾದೀತೇ? ವಾರ ವಾರವೂ ಅವಳ ಬಾಯಲ್ಲಿ ಅಂಕಿ ಇಳಿಯಿತು. ಗಾಜಿನೊಳಗೆ ಏರಿತು. ಏಕೆಂದರೆ ಆ ಪುಣ್ಯಾತ್ಮ ಇಳಿದ ಖುಷಿಗೆ, "ಇಷ್ಟು ಕಷ್ಟಪಟ್ಟಿದೀನಿ, ಇವತ್ತೊಂದು ದಿನ ಇರ್ಲಿ ಬಿಡೇ" ಎಂದು ಎರಡನೆಯ ಸಲ ಬಡಿಸಿಕೊಳ್ಳತೊಡಗಿದ್ದ. ಬಡಿಸುವವಳೂ ಅವಳೇ. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಬೇಡ ಎನ್ನುವುದು?

ಒಂದು ದಿನ ಅವನು ಪ್ಯಾಂಟಿನ ಗುಂಡಿ ಹಾಕಲು ಒದ್ದಾಡುತ್ತ, "ಇದೇನೇ, ಇಳಿದ್ರೂ ಪ್ಯಾಂಟು ಹಿಡೀತಿದೆ?" ಎಂದ. "ಒಗೆದು ಒಗೆದು ಕುಗ್ಗಿದೆ ರೀ. ಅಗ್ಗದ ಬಟ್ಟೆ," ಎಂದಳು. ಅವನು ಗುಡ್ಡಕ್ಕೆ ಹೋದ ಮೇಲೆ ಮಧ್ಯಾಹ್ನ ಬಾಗಿಲಿಗೆ ಅಗುಳಿ ಹಾಕಿ ಕೂತು, ಒಂದೊಂದು ಪ್ಯಾಂಟಿನ ಹಿಂದಿನ ಹೊಲಿಗೆಯನ್ನೂ ಬಿಚ್ಚಿದಳು. ಒಳಗೆ ಮಡಿಸಿ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದಳು, ಸಾಲದ್ದಕ್ಕೆ ಅದೇ ಬಣ್ಣದ ಪಟ್ಟಿ ಸೇರಿಸಿದಳು, ಹಳೆಯ ಹೊಲಿಗೆಯ ತೂತು ಕಾಣದಂತೆ ಉಗುರಿನಿಂದ ತಿಕ್ಕಿ ಇಸ್ತ್ರಿ ಹೊಡೆದಳು. ಅಂಗಿಗಳಿಗೂ ಹಾಗೇ ಮಾಡಿದಳು. ಮಾರನೆಯ ದಿನ ಪ್ಯಾಂಟು ಸೊಂಟದಲ್ಲಿ ಸಡಿಲವಾಗಿ ನಿಂತಿತು. ಅವನು ಕನ್ನಡಿಯ ಮುಂದೆ ಬೆರಳು ತೂರಿಸಿ ತೋರಿಸಿದ. "ನೋಡು, ನೋಡು! ಎರಡು ಬೆರಳು ಹೋಗುತ್ತೆ!" ಅವಳ ಕೈಕೆಲಸ ಅಷ್ಟು ಚೊಕ್ಕವಾಗಿತ್ತು.

ಇಂಥ ಪ್ರೀತಿಗಿಷ್ಟು ಬೆಂಕಿ ಹಾಕ ಎಂದು ಬಯ್ಯಬೇಕೆನಿಸುತ್ತದೆ. ಆದರೆ ಅವನ ಮುಖದಲ್ಲಿ ಆ ನಗು ಬರುವುದನ್ನು ಅವಳಷ್ಟು ಹತ್ತಿರದಿಂದ ನಾವು ನೋಡಿಲ್ಲ.

ಮೈ ಇಳಿಯಿತೆಂದು ಮಂಡಿಗೆ ಗೊತ್ತಾಗಬೇಕಲ್ಲ. ನೋವು ಹೆಚ್ಚುತ್ತಲೇ ಹೋಯಿತು. ಒಂದೆರಡು ಸಲ ವಾಲ್ವು ತೆರೆಯುವುದು ತಡವಾಗಿ ಊರಿನವರು ದೂರು ಕೊಟ್ಟರು. ನೀರು ಸರಬರಾಜಿನ ಮೇಲ್ವಿಚಾರಕ ಕರೆಸಿದ.

"ನೋಡು ದೊಡ್ಡಣ್ಣ, ನಿನ್ನ ಮಂಡಿಗೋಸ್ಕರ ಊರು ಬಾಯಾರ್ಕೊಂಡು ಕೂರೋಕಾಗಲ್ಲ. ನಡೀತೀಯೋ, ಹಾರ್ತೀಯೋ, ಅದು ನಿನಗೆ ಬಿಟ್ಟದ್ದು. ಟೈಮಿಗೆ ಸರಿಯಾಗಿ ಮೇಲಿರಬೇಕು. ಆಗಲ್ಲ ಅಂದ್ರೆ ಹೇಳು, ಕೆಳಗೆ ಪಂಪ್‌ಹೌಸ್ ಗೇಟಲ್ಲಿ ಕುರ್ಚಿ ಹಾಕಿಸ್ತೀನಿ. ಗೇಟು ತೆಗಿ, ಗೇಟು ಹಾಕು, ಆರಾಮ."

ಪಂಪ್‌ಹೌಸಿನ ಗೇಟು ಬಸ್‌ಸ್ಟಾಪಿನ ಎದುರಿಗೇ ಇತ್ತು. ಇಡೀ ಊರು ಅಲ್ಲಿ ನಿಂತು ಬಸ್ಸು ಕಾಯುತ್ತದೆ. ಬಸ್ಸು ಬರುವವರೆಗೆ ನೋಡಲು ಏನಾದರೂ ಬೇಕಲ್ಲ. ಮನೆಗೆ ಬಂದವನು ಗೋಡೆಗೆ ಒರಗಿ, "ನನ್ನನ್ನ ಅಲ್ಲಿ ಕೂರಿಸಬೇಡಿ ಅಂತ ಕೇಳ್ಕೊಂಡೆ ಕಣೇ. ಏನು ಕೆಲಸ ಬೇಕಾದ್ರೂ ಮಾಡ್ತೀನಿ, ಅಲ್ಲಿ ಮಾತ್ರ ಬೇಡ," ಎಂದ.

ಉಪಾಯ ಹೇಳಿದವನು ಅವಳ ತಮ್ಮ. ಅವನಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇರಲಿಲ್ಲ. ಗೊತ್ತಿಲ್ಲದ್ದನ್ನು ಮೊಬೈಲಿನಲ್ಲಿ ನೋಡಿಕೊಂಡು ಬಂದು ಹುಟ್ಟಿನಿಂದ ಗೊತ್ತಿದ್ದವನಂತೆ ಹೇಳುತ್ತಿದ್ದ. "ಭಾವ, ಎಟಿವಿ ತಗೊಳ್ಳಿ. ನಾಲ್ಕು ಚಕ್ರದ ಬೈಕು. ಕಾರು ಹೋಗದ ಕಡೆ ಹೋಗುತ್ತೆ, ಬೈಕು ಜಾರೋ ಕಡೆ ನಿಲ್ಲುತ್ತೆ. ನಿಮ್ಮ ಗುಡ್ಡ ಅದಕ್ಕೆ ಯಾವ ಲೆಕ್ಕ!" ಮೊಬೈಲಿನಲ್ಲಿ ಯಾರೋ ಕೆಸರು ಎರಚಿಕೊಂಡು ಗುಡ್ಡ ಹತ್ತುತ್ತಿದ್ದುದನ್ನು ತೋರಿಸಿದ. ಗಂಡ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ.

ಕೂಡಿಟ್ಟದ್ದನ್ನೆಲ್ಲ ತೆಗೆದುಕೊಂಡು ಮೂವರೂ ಅಂಗಡಿಗೆ ಹೋದರು. ಕೆಂಪು, ಹಸಿರು, ಕಪ್ಪು ಗಾಡಿಗಳು ನುಣ್ಣನೆಯ ನೆಲದ ಮೇಲೆ ಸಾಲಾಗಿ ನಿಂತಿದ್ದವು. ಮಾರುವವನು ತಿಳಿದವನು, ನಗಲಿಲ್ಲ.

"ತಪ್ಪು ತಿಳ್ಕೋಬೇಡಿ ಸರ್, ಮೊದಲು ಕೇಳಬೇಕಾದ್ದು ಇದು. ತೂಕ ಎಷ್ಟು?"

ಬಾಮೈದ ಕೆಮ್ಮಿದ. ಅವಳು ನೆಲ ನೋಡಿದಳು. ಗಂಡನಿಗೋ ಈ ಪ್ರಶ್ನೆಗೆ ಎದೆಯೆತ್ತಿ ಉತ್ತರ ಕೊಡುವ ಭಾಗ್ಯ ಬಾಳಿನಲ್ಲಿ ಮೊದಲ ಸಲ ಬಂದಿತ್ತು. "ನೂರಾ ಹನ್ನೆರಡು. ಮುಂಚೆ ನೂರಾ ಇಪ್ಪತ್ತೆಂಟಿತ್ತು. ಇಳಿಸಿದೀನಿ."

"ಸೂಪರ್ ಸರ್," ಎಂದ ಮಾರುವವನು. ಅವನ ಕಣ್ಣು ಒಂದು ಗಳಿಗೆ ಇವನ ಹೆಗಲಿನಿಂದ ಸೊಂಟದವರೆಗೆ ಹೋಗಿ ಬಂತು. ಗಿರಾಕಿ ಹೇಳಿದ ಮೇಲೆ ಅವನಿಗೇಕೆ ಉಸಾಬರಿ?

ಮೊದಲಿನದು ಕೆಂಪು ಗಾಡಿ, ಹುಡುಗರು ಆಟಕ್ಕೆ ಓಡಿಸುವಂಥದ್ದು. ಹತ್ತಿ ಕೂತರೆ ಹ್ಯಾಂಡಲ್ಲು ಹೊಟ್ಟೆಗೆ ಒತ್ತುತ್ತಿತ್ತು, ಮಂಡಿಗಳು ಗದ್ದಕ್ಕೆ ಬರುತ್ತಿದ್ದವು. ಅದನ್ನು ಬಿಟ್ಟರು. ಕೊನೆಯಲ್ಲಿ ನಿಂತಿದ್ದದ್ದು ಹೊರೆ ಹೊರುವ ಗಾಡಿ. ಉದ್ದ ಸೀಟು, ಕಾಲಿಡಲು ಧಾರಾಳ ಜಾಗ, ತೋಳು ಗಾತ್ರದ ಸ್ಪ್ರಿಂಗುಗಳು. ಹಿಂದೆ ಅಂಟಿಸಿದ್ದ ತಗಡಿನಲ್ಲಿ, ಓಡಿಸುವವನೂ ಸಾಮಾನೂ ಸೇರಿ ಇನ್ನೂರಿಪ್ಪತ್ತು ಕಿಲೋ ಎಂದು ಬರೆದಿತ್ತು. ಬೆಲೆ ಕೇಳಿ ಬಾಮೈದ ಸಿಳ್ಳೆ ಹಾಕಿದ. ನಡುವೆ ಒಂದು ಹಸಿರು ಗಾಡಿ. ಅದರ ತಗಡಿನಲ್ಲಿ ನೂರಾ ಮೂವತ್ತೈದು ಎಂದಿತ್ತು. ಬೆಲೆ ಇವರ ಕೈಗೆ ಎಟುಕುವಷ್ಟು.

ಗಂಡ ಬೆರಳು ಮಡಿಸಿದ. "ನಾನು ನೂರಾ ಹನ್ನೆರಡು, ಕೀಲಿ, ಸಾಮಾನು ಪೆಟ್ಟಿಗೆ ಇಪ್ಪತ್ತು. ನೂರಾ ಮೂವತ್ತೆರಡು. ಇನ್ನೂ ಮೂರು ಕಿಲೋ ಮಿಕ್ಕುತ್ತಲ್ಲೋ!"

ಅವಳ ತಲೆಯಲ್ಲಿ ಕಳೆದ ಭಾನುವಾರದ ಮುಳ್ಳು ಇತ್ತು. ನೂರಾ ಮೂವತ್ತೆರಡು ಅವನೊಬ್ಬನದೇ. "ದೊಡ್ಡದೇ ತಗೊಳ್ಳೋಣ ರೀ," ಎಂದಳು.

"ದುಡ್ಡೇನು ಗಿಡದಲ್ಲಿ ಬಿಡುತ್ತಾ?"

ಮಾರುವವನು ನಡುವೆ ಬಂದ. "ಸರ್, ಹಿಂದೆ ಗೋಡೌನಲ್ಲಿ ಸೆಕೆಂಡ್ ಹ್ಯಾಂಡ್ ಒಂದಿದೆ. ದೊಡ್ಡ ಗಾಡಿ. ಬಣ್ಣ ಹೋಗಿದೆ, ಸೀಟು ಹರಿದಿದೆ, ಆದ್ರೆ ಇಂಜಿನ್ನು, ಸ್ಪ್ರಿಂಗು ಗಟ್ಟಿಮುಟ್ಟು. ಇನ್ನೂರು ಕಿಲೋ ಹೊರುತ್ತೆ. ಬೆಲೆ ಈ ಹಸಿರಿನದಕ್ಕಿಂತ ಒಂಚೂರು ಕಮ್ಮಿನೇ."

ಅವಳಿಗೆ ಹೋದ ಜೀವ ಬಂದಂತಾಯಿತು. "ಅದೇ ಆಗ್ಲಿ! ಸೀಟು ನಾನು ಹೊಲೀತೀನಿ. ಬಣ್ಣ ಯಾರು ನೋಡ್ತಾರೆ ಗುಡ್ಡದ ಮೇಲೆ?" ಅವಳ ಅವಸರ ಎಷ್ಟಿತ್ತೆಂದರೆ ತಮ್ಮ ಕೂಡ ತಿರುಗಿ ನೋಡಿದ.

ಗಂಡ ಅವಳನ್ನೇ ದಿಟ್ಟಿಸಿದ. ಅವನ ಮುಖ ಇಷ್ಟಿಷ್ಟೇ ಬಾಡಿತು. "ನನ್ನ ತೂಕಕ್ಕೆ ಹೊಸದೇ ಸಾಕಾಗುತ್ತೆ ಅಂತ ಬರೆದಿದೆ. ಯಾರೋ ಬಿಸಾಕಿದ ದೊಡ್ಡ ಗಾಡಿ ಯಾಕೆ? ನಾನು ಮತ್ತೆ ದಪ್ಪ ಆಗ್ತೀನಿ ಅಂತಾನಾ? ಊರೋರು ನಂಬಲಿಲ್ಲ ಅಂದ್ರೆ ಬೇಡ. ವಾರ ವಾರ ಓದಿ ಹೇಳೋಳು ನೀನು. ನಿನಗೂ ನಂಬಿಕೆ ಇಲ್ವಾ?"

ಆಗ ಹೇಳಬೇಕಿತ್ತು. ಆ ಒಂದು ಮಾತಿಗೆ ಅವಳ ನಾಲಿಗೆ ಹೊರಳಿದ್ದರೆ ಈ ಕಥೆಯನ್ನು ನಗುತ್ತ ಹೇಳಬಹುದಿತ್ತು. ಆದರೆ ಮಾರುವವನು ನಿಂತಿದ್ದ, ತಮ್ಮ ನಿಂತಿದ್ದ, ಇನ್ನೊಂದು ಗಾಡಿ ನೋಡುತ್ತಿದ್ದ ಯಾರೋ ಗಂಡಹೆಂಡಿರು ಇತ್ತ ಕಿವಿಗೊಟ್ಟಿದ್ದರು. ಇವರೆಲ್ಲರ ಮುಂದೆ, ನೀವು ನೂರಾ ಹನ್ನೆರಡಲ್ಲ ಎನ್ನುವುದೇ? ಮನೆಗೆ ಹೋಗಿ ಹೇಳುತ್ತೇನೆ ಎಂದುಕೊಂಡಳು. "ಹಾಗಲ್ಲ ರೀ. ನಿಮಗೆ ಹೇಗೆ ಸರಿಯೋ ಹಾಗೆ," ಎಂದಳು.

ಹಸಿರು ಗಾಡಿ ಮನೆಗೆ ಬಂತು.

ಮನೆಯಲ್ಲಾದರೂ ಹೇಳಿದಳೇ? ಅವನು ಗಾಡಿಯನ್ನು ಒರೆಸುತ್ತ ಗುನುಗುತ್ತಿದ್ದ. ಬೀದಿಯವರು ಸುತ್ತ ಸೇರಿದ್ದರು. ದೊಡ್ಡಣ್ಣನನ್ನು ನೋಡಿ ನಗದೆ ಗಾಡಿಯನ್ನು ನೋಡಿ ಬೆರಗಾಗಿ ನಿಂತದ್ದು ಅದೇ ಮೊದಲು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮಾರನೆಯ ದಿನ ಅವನು ಗುಡ್ಡದ ನೆತ್ತಿಯಿಂದಲೇ ಫೋನು ಮಾಡಿ, "ಬೆವರೇ ಬರಲಿಲ್ಲ ಕಣೇ!" ಎಂದ. ಮತ್ತೆ ನಾಳೆಗೆ ಹೋಯಿತು. ಅವಳು ಮಾಡಿದ್ದು ಒಂದೇ ಕೆಲಸ. ಅವನ ಸಾಮಾನು ಪೆಟ್ಟಿಗೆಯಿಂದ ಕದ್ದು ದಪ್ಪ ಬೋಲ್ಟುಗಳನ್ನೂ ಸುತ್ತಿಗೆಯನ್ನೂ ತೆಗೆದು ಹೊಲಿಗೆ ಯಂತ್ರದ ಕೆಳಗೆ ಬಚ್ಚಿಟ್ಟಳು. ಭಾರ ಅಷ್ಟಾದರೂ ತಗ್ಗಲಿ ಎಂದು. ಅವನು ಸುತ್ತಿಗೆಗಾಗಿ ಮನೆಯೆಲ್ಲ ಜಾಲಾಡಿ, ಬಾಮೈದನೇ ಹೊತ್ತುಕೊಂಡು ಹೋಗಿರಬೇಕೆಂದು ಬೈದು, ಮೊದಲಿನದಕ್ಕಿಂತ ದೊಡ್ಡ ಸುತ್ತಿಗೆ ಕೊಂಡು ತಂದ.

ಒಂದು ಬೆಳಗ್ಗೆ ಬೀದಿಯ ನಲ್ಲಿಯಲ್ಲಿ ನೀರು ಬರಲಿಲ್ಲ. ಕೊಡ ಹಿಡಿದು ನಿಂತ ಹೆಂಗಸರು ಬಾಯಿಗೆ ಬಂದಂತೆ ಅಂದರು. "ಗಾಡಿ ಸಿಕ್ಕಮೇಲೆ ಸವಾರಿ ಜಾಸ್ತಿ ಆಗಿದೆ ಸಾಹೇಬರದ್ದು." "ಎಲ್ಲೋ ನೆರಳಲ್ಲಿ ಗಾಡಿ ನಿಲ್ಲಿಸಿ ಗೊರಕೆ ಹೊಡೀತಿರಬೇಕು." ಟೈಲರಮ್ಮ ನಿಂತಿದ್ದಾಳೆ ಎಂಬ ದಾಕ್ಷಿಣ್ಯವೂ ಇರಲಿಲ್ಲ. ಅವಳು ನಲ್ಲಿ ತಿರುಗಿಸಿದಳು. ಬುಸ್ ಎಂದು ಒಣ ಗಾಳಿ ಬಂತು, ಆಮೇಲೆ ಅದೂ ನಿಂತಿತು. ಕೊಡ ಅಲ್ಲೇ ಬಿಟ್ಟು ಅವಳು ಗುಡ್ಡದ ಕಡೆಗೆ ಓಡಿದಳು. ಬರಿಗಾಲಿನಲ್ಲಿದ್ದಾಳೆಂಬುದು ಅವಳಿಗೆ ತಿಳಿದದ್ದು ಆಮೇಲೆ.

ಮೇಲಿನ ಟ್ಯಾಂಕಿಗೆ ಸ್ವಲ್ಪ ಕೆಳಗೆ ದಾರಿ ಕಡಿದಾಗಿ ತಿರುಗುವಲ್ಲಿ ಗಾಡಿ ಮಗುಚಿತ್ತು. ಹಿಂದಿನ ಸ್ಪ್ರಿಂಗುಗಳು ಪೂರಾ ಕುಸಿದು, ಆಕ್ಸಲ್ಲು ಬಿಲ್ಲಿನಂತೆ ಬಾಗಿ, ಮುಂದಿನ ಚಕ್ರಗಳು ಆಕಾಶ ನೋಡುತ್ತಿದ್ದವು. ಅವನ ಬಲಗಾಲು ಗಾಡಿಯ ಅಡಿಯಲ್ಲಿತ್ತು. ಪ್ರಜ್ಞೆ ಇತ್ತು, ಫೋನು ಮಾತ್ರ ಕೈಗೆಟುಕದಷ್ಟು ದೂರ ಬಿದ್ದಿತ್ತು. ಅವಳನ್ನು ಕಂಡೊಡನೆ, "ಕೆಳಗೆ ನೀರು ಬರ್ತಿಲ್ಲ ಅಲ್ವಾ? ಬೈತಿದಾರಾ?" ಎಂದ.

ಆಸ್ಪತ್ರೆ, ಪ್ಲಾಸ್ಟರು, ಆಮೇಲೆ ಊರುಗೋಲು. ಗುಡ್ಡವನ್ನು ಇನ್ನು ಕಾಲಲ್ಲಿ ಹತ್ತುವುದು ಈ ಜನ್ಮಕ್ಕೆ ಸಾಧ್ಯವಿಲ್ಲ, ಗಾಡಿಯಲ್ಲಾದರೆ ಹೋಗಬಹುದು ಎಂದರು. ಮೇಲ್ವಿಚಾರಕ ಬಂದು ನೋಡಿ, "ಗಾಡಿ ಸರಿ ಮಾಡಿಸ್ಕೊಂಡು ಬಾ, ಅಲ್ಲೀವರೆಗೂ ಕೆಲಸ ಇಟ್ಟಿರ್ತೀನಿ" ಎಂದ. ಅಷ್ಟರಮಟ್ಟಿಗೆ ಮನುಷ್ಯನೇ. ಗಾಡಿಗೆ ಇನ್ನೂ ಗ್ಯಾರಂಟಿ ಇತ್ತು. ತಗಡಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಭಾರ ಹಾಕಿರದಿದ್ದರೆ ಕಂಪನಿಯೇ ಹೊಸ ಗಾಡಿ ಕೊಡಬೇಕು ಎಂದು ಬಾಮೈದ ಓದಿಕೊಂಡು ಬಂದ. ಗಂಡನ ಕಣ್ಣು ಬೆಳಗಿತು. "ನಾನು ನೂರಾ ಹನ್ನೆರಡು. ಈಗ ಇನ್ನೂ ಇಳಿದಿರಬೇಕು. ತೂಕ ಹಾಕಲಿ ಬೇಕಾದ್ರೆ! ಬನ್ನಿ ಹೋಗೋಣ."

"ಬೇಡ ರೀ. ಅವರ ಹತ್ರ ಜಗಳ ಯಾಕೆ? ಗಾಡಿ ಹೋದ್ರೆ ಹೋಯ್ತು," ಎಂದಳು ಅವಳು. ಅವನು ಅಂಗಿ ಹಾಕಿಕೊಳ್ಳುತ್ತಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಾತು ಕೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಏನೇ ಆಗಿದೆ ನಿನಗೆ? ಗುಡ್ಡಕ್ಕೆ ವಾಪಸ್ ಹೋಗೋಕೆ ಇರೋದು ಇದೊಂದೇ ದಾರಿ," ಎಂದು ಅವನು ಮೆಲ್ಲಗೆ ಅವಳ ಭುಜ ಸರಿಸಿ ಹೊರಟ. ಅವಳೂ ಹಿಂದೆ ಹೋದಳು.

ಅಂಗಡಿಯ ಪಕ್ಕ ಸಿಮೆಂಟಿನ ಗೋಡೌನು. ಅಲ್ಲಿ ಮೂಟೆ ತೂಗುವ ದೊಡ್ಡ ಯಂತ್ರವಿತ್ತು. ನೆಲದಲ್ಲಿ ಕಬ್ಬಿಣದ ಹಲಗೆ, ಎದುರಿಗೆ ಕಂಬದ ಮೇಲೆ ಕೆಂಪು ದೀಪದ ಅಂಕಿಗಳು, ಸರಿಯಾಗಿ ಕಣ್ಣಿನ ಎತ್ತರಕ್ಕೆ. ಕಂಪನಿಯಿಂದ ಬಂದವನು ಇಸ್ತ್ರಿ ಹಾಕಿದ ಅಂಗಿಯವನು, ಮರ್ಯಾದೆಯಿಂದಲೇ ಮಾತಾಡಿದ. ಮೂಟೆ ಹೊರುವವರು ಕೆಲಸ ನಿಲ್ಲಿಸಿ ಸುತ್ತ ನಿಂತರು. ಗಂಡ ಊರುಗೋಲನ್ನು ಬಾಮೈದನ ಕೈಗೆ ಕೊಟ್ಟು, ಅವಳ ಭುಜ ಹಿಡಿದು ಹಲಗೆಯ ಮೇಲೆ ಹತ್ತಿದ.

"ಮೇಡಂ, ನೀವು ದೂರ ಸರೀರಿ," ಎಂದ ಕಂಪನಿಯವನು. "ನಿಮ್ಮನ್ನ ಹಿಡ್ಕೊಂಡ್ರೆ ಸರ್ ತೂಕ ಕಮ್ಮಿ ತೋರ್ಸುತ್ತೆ."

ಅವಳು ಸರಿಯಲಿಲ್ಲ. "ಅವರಿಗೆ ಕಾಲು ಊರೋಕಾಗಲ್ಲ," ಎಂದಳು. ಗಂಡನೇ ಅವಳ ಭುಜದಿಂದ ಕೈ ತೆಗೆದ. "ಪಕ್ಕಕ್ಕೆ ಸರಿಯೇ. ನಾನು ನಿಲ್ತೀನಿ."

ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ನಿಂತವು. ನೂರಾ ಮೂವತ್ತನಾಲ್ಕು. ಕೀಲಿ, ಸಾಮಾನು ಪೆಟ್ಟಿಗೆಯ ಇಪ್ಪತ್ತು ಕಿಲೋ ಬೇರೆ.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ತನ್ನ ತೂಕವನ್ನು ತಾನೇ ಓದಿದ. ಯಾರಾದರೂ ನಗುತ್ತಾರೆಂದು ಕಾದು, ತಾನೇ ಮೊದಲು ನಗಲು ಬಾಯಿ ತೆರೆದು, ನಗು ಬರದೆ, "ಇದು ಕೆಟ್ಟಿದೆ" ಎಂದ. ಮೂಟೆ ಹೊರುವವನೊಬ್ಬ ಒಂದು ಸಿಮೆಂಟಿನ ಮೂಟೆ ತಂದು, ಅವನನ್ನು ಇಳಿಸಿ, ಹಲಗೆಯ ಮೇಲಿಟ್ಟ. ಐವತ್ತು. ಮೂಟೆಯ ಮೇಲೂ ಐವತ್ತು ಎಂದೇ ಅಚ್ಚಾಗಿತ್ತು.

"ಹೋಗೋ, ಮನೇಲಿರೋದನ್ನ ತಗೊಂಡು ಬಾ," ಎಂದ ಬಾಮೈದನಿಗೆ. "ಅದರಲ್ಲಿ ತೂಗಿ ತೋರಿಸ್ತೀನಿ ಇವರಿಗೆ. ಭಾನುವಾರ ಭಾನುವಾರ ನೋಡಿದೀವಿ. ಹೇಳೇ, ಎಷ್ಟಿತ್ತು? ನೀನೇ ಅಲ್ವಾ ಓದ್ತಿದ್ದದ್ದು? ಹೇಳೇ ಇವರಿಗೆ!"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ನೆಲ ಬಿರಿದು ನುಂಗಬಾರದೇ ಎನಿಸಿತು. ನೆಲ ಗಟ್ಟಿ ಸಿಮೆಂಟಿನದು.

ಅವನು ಅವಳನ್ನು ನೋಡಿದ. ಆಮೇಲೆ ಬಾಮೈದನ ಕೈಯಿಂದ ಊರುಗೋಲು ತೆಗೆದುಕೊಂಡು, "ತಪ್ಪಾಯ್ತು ಸರ್, ನಿಮಗೆ ತೊಂದರೆ ಕೊಟ್ವಿ" ಎಂದು ಕಂಪನಿಯವನಿಗೆ ಹೇಳಿ ಹೊರಗೆ ನಡೆದ.

ಆಟೋದಲ್ಲಿ ಅವನೊಬ್ಬನಿಗೇ ಹಿಂದಿನ ಸೀಟು ಭರ್ತಿ. ಅಂಚಿನಲ್ಲಿ ಅವಳು ಕಂಬಿ ಹಿಡಿದು ಕೂತಿದ್ದಳು. ಹೇಳಬೇಕಾದ ಮಾತುಗಳೆಲ್ಲ ಈಗ ಒಟ್ಟಿಗೇ ಗಂಟಲಿಗೆ ಬಂದವು. "ನೀವು ಬೇಜಾರು ಮಾಡ್ಕೋತೀರಿ ಅಂತ ರೀ... ನೀವು ನಗ್ತಿದ್ರಿ... ಅದಕ್ಕೇ..." ಅವನು ಹೊರಗೆ ನೋಡುತ್ತಿದ್ದ. ಮನೆಯ ತಿರುವು ಬಂದಾಗ ಬೆರಳನ್ನು ತನ್ನ ಸೊಂಟಕ್ಕೂ ಪ್ಯಾಂಟಿಗೂ ನಡುವೆ ತೂರಿಸಿದ. ಎರಡು ಬೆರಳು ಸಲೀಸಾಗಿ ಹೋದವು.

"ಪ್ಯಾಂಟೂನಾ?" ಎಂದ.

"ಹೂಂ," ಎಂದಳು.

ಈಗ ಅವನು ಪಂಪ್‌ಹೌಸಿನ ಗೇಟಿನಲ್ಲಿ ಕೂರುತ್ತಾನೆ. ಪ್ಲಾಸ್ಟಿಕ್ ಕುರ್ಚಿ ತಡೆಯದೆಂದು ಮೇಲ್ವಿಚಾರಕ ಕಬ್ಬಿಣದ್ದೊಂದು ಬೆಸುಗೆ ಹಾಕಿಸಿ ಕೊಟ್ಟಿದ್ದಾನೆ. ಎದುರು ಬಸ್‌ಸ್ಟಾಪಿನಲ್ಲಿ ಜನ ಬಸ್ಸು ಕಾಯುತ್ತಾರೆ, ನೋಡುತ್ತಾರೆ. ಗುಡ್ಡದ ಮೇಲೆ ವಾಲ್ವು ತಿರುಗಿಸಲು ಇಬ್ಬರನ್ನು ಹಾಕಿದ್ದಾರೆ, ಒಬ್ಬರಿಂದ ಆಗುವುದಿಲ್ಲವಂತೆ. ಮನೆಯಲ್ಲಿ ಅವನು ಸಿಡುಕುವುದಿಲ್ಲ, ಬೈಯುವುದಿಲ್ಲ, ಹಾಕಿದಷ್ಟು ಉಂಡು ಏಳುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ತೂಕದ ಯಂತ್ರ ಮಂಚದ ಕೆಳಗೆ ಧೂಳು ತಿನ್ನುತ್ತಿದೆ.

ಮೊನ್ನೆ ಸಂಜೆ ಅವನು ಕೈಯಲ್ಲೊಂದು ಪೊಟ್ಟಣ ಹಿಡಿದು ಬಂದ. ಒಳಗೆ ಹೋಗಿ ಹೊಸ ಅಂಗಿ, ಹೊಸ ಪ್ಯಾಂಟು ಹಾಕಿಕೊಂಡು ಹೊರಗೆ ಬಂದು ಕನ್ನಡಿಯ ಮುಂದೆ ನಿಂತ. ಮುಖ್ಯರಸ್ತೆಯ ಟೈಲರನ ಚೀಟಿ ಇನ್ನೂ ಕಾಲರಿನಲ್ಲಿ ನೇತಾಡುತ್ತಿತ್ತು. ಆ ಅಂಗಡಿ ತುಂಬ ಯಾವಾಗಲೂ ಜನ. ಅವನು ಅಲ್ಲಿ ಹೋಗಿ, ಕೈಗಳನ್ನು ಅಗಲಿಸಿ ನಿಂತು, ಎಲ್ಲರಿಗೂ ಕೇಳುವಂತೆ ಅಂಕಿಗಳನ್ನು ಕೂಗಿಸಿಕೊಂಡು ಬಂದಿದ್ದ.

ಅವಳು ಯಂತ್ರದ ಮುಂದೆ ಕೂತಲ್ಲಿಂದಲೇ ನೋಡಿದಳು. ಕೆಲಸದ ಕಣ್ಣು, ನೋಡಬೇಡ ಎಂದರೂ ನೋಡುತ್ತದೆ. ಹೆಗಲ ಜೋಡಣೆ, ಕಂಕುಳ ಸುತ್ತ, ಹಿಂದಿನ ಹೊಲಿಗೆ, ಸೊಂಟ, ಎಲ್ಲವನ್ನೂ ನೋಡಿದಳು. ಒಂದು ಕಡೆಯಾದರೂ ತಪ್ಪು ಸಿಗಲಿ ಎಂದು ಹುಡುಕಿದಳು. ಅಳತೆ ಎಲ್ಲ ಸರಿಯಾಗಿಯೇ ಇತ್ತು.